ಎಣ್ಣೆ ಬಿದ್ದ ನೆಲ, ಬಾಡುವ ತೋಟ

ಅಡಿಕೆಗೆ ಕೊಳೆರೋಗ ಬಂದರೆ ನಾವು ಆ ರಾತ್ರಿಯೇ ಮೈಲುತುತ್ತ, ಸುಣ್ಣ ಹೊಂದಿಸಲು ಹೊರಡುತ್ತೇವೆ. ಕಾಫಿಗೆ ಕಾಂಡಕೊರಕ ಬಿದ್ದಿದೆ ಎಂದು ಪಕ್ಕದ ತೋಟದವರು ಹೇಳಿದರೆ ನಮ್ಮ ತೋಟದ ಗಿಡಗಳನ್ನೆಲ್ಲ ಒಂದೊಂದಾಗಿ ನೋಡಿ ಬರುತ್ತೇವೆ. ಆದರೆ ಪಂಪ್ ಮನೆಯ ಮೂಲೆಯಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿದ್ದರೆ, ಎಂಜಿನ್ನಿನ ಸುಟ್ಟ ಆಯಿಲನ್ನು ಆಳು ಬದುವಿನ ಮೇಲೆ ಸುರಿದರೆ, ಅದನ್ನು ಕಂಡೂ ಕಾಣದವರಂತೆ ಮುಂದೆ ಹೋಗುತ್ತೇವೆ. ರೋಗಕ್ಕೆ ಮದ್ದುಂಟು; ಎಣ್ಣೆ ಹೀರಿದ ಮಣ್ಣು ತಿರುಗಿ ಮಣ್ಣಾಗಬೇಕಾದರೆ ವರ್ಷಗಳು ಬೇಕು. ಆದುದರಿಂದ ಕಲ್ಲೆಣ್ಣೆಯೂ ಅದರಿಂದ ತಯಾರಾಗುವ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್‌ಗಳೂ ಗಿಡದ ಬೆಳವಣಿಗೆಯನ್ನು ಹೇಗೆ ಕುಂದಿಸುತ್ತವೆ, ಅದಕ್ಕೆ ನಾವು ಮಾಡಬಹುದಾದುದೇನು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಒಂದೇ ಹೊಳೆಯ ನೀರು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ದಂಡೆಯ ಊರು. ಮೊದಲು ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ ಎಂದು ತಾಲ್ಲೂಕಿನ ವಿಳಾಸ ಬದಲಾದರೂ ಹೊಳೆ ಮಾತ್ರ ಅದೇ. ಎರೆಮಣ್ಣು, ಮಸಾರಿ ಎರಡೂ ಇರುವ ಈ ಸೀಮೆಯಲ್ಲಿ ಮಳೆಯನ್ನೇ ನಂಬಿ ಜೋಳ, ಮೆಕ್ಕೆಜೋಳ ಬೆಳೆಯುವವರು ಒಂದು ಕಡೆ, ಹೊಳೆಯಿಂದಲೋ ಕೊಳವೆ ಬಾವಿಯಿಂದಲೋ ನೀರೆತ್ತಿ ಭತ್ತ, ಬಾಳೆ, ಅಡಿಕೆ ಮಾಡುವವರು ಇನ್ನೊಂದು ಕಡೆ. ನೀರೆತ್ತಬೇಕಾದರೆ ಯಂತ್ರ ಬೇಕು. ಕರೆಂಟು ಕೈಕೊಟ್ಟಾಗ ಡೀಸೆಲ್ ಎಂಜಿನ್ ಬೇಕು. ಯಂತ್ರವಿದ್ದಲ್ಲಿ ಎಣ್ಣೆ ಇದ್ದೇ ಇರುತ್ತದೆ.

ಇದು ಹಲವಾಗಲಿನ ಮಾತಷ್ಟೇ ಅಲ್ಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತದ ಗಂಗಾಮೂಲದಲ್ಲಿ. ಕಳಸ, ಬಾಳೆಹೊನ್ನೂರುಗಳ ಕಾಫಿ ತೋಟಗಳ ನಡುವೆ ಭದ್ರೆ ಇಳಿದು ಬರುತ್ತದೆ. ಶೃಂಗೇರಿ, ತೀರ್ಥಹಳ್ಳಿಗಳ ಅಡಿಕೆ ತೋಟಗಳ ಮಗ್ಗುಲಲ್ಲಿ ತುಂಗೆ ಹರಿಯುತ್ತದೆ. ಕೂಡಲಿಯಲ್ಲಿ ಎರಡೂ ಸೇರಿ ಹರಿಹರ ದಾಟಿ ಹಲವಾಗಲಿನ ಕಡೆಗೆ ಸಾಗುತ್ತವೆ. ಮೇಲಿನವರು ಕಾಫಿಯವರು, ಕೆಳಗಿನವರು ಅಡಿಕೆಯವರು; ಆದರೆ ಕುಡಿಯುವ, ಹಾಯಿಸುವ ನೀರು ಒಂದೇ. ಮಲೆನಾಡಿನ ಹಳ್ಳಕ್ಕೆ ಬಿದ್ದ ಒಂದು ಡಬ್ಬಿ ಎಣ್ಣೆ ಅಷ್ಟೂ ಇಲ್ಲಿಯವರೆಗೆ ಬರುತ್ತದೆ ಎಂದು ನಾವು ಹೇಳುವುದಿಲ್ಲ. ದಾರಿಯಲ್ಲಿ ಕೆಲವು ಪಾಲು ಆವಿಯಾಗುತ್ತದೆ, ಕೆಲವು ಪಾಲು ದಡದ ಮಣ್ಣಿಗೂ ಹುಲ್ಲಿಗೂ ಹತ್ತಿಕೊಳ್ಳುತ್ತದೆ. ಎಣ್ಣೆಯ ಕೇಡು ಹೆಚ್ಚಾಗಿ ತಟ್ಟುವುದು ಬಿದ್ದ ಸ್ಥಳದ ಆಸುಪಾಸಿಗೇ. ಅಂದರೆ ಚೆಲ್ಲಿದವನ ತೋಟಕ್ಕೇ ಮೊದಲ ಏಟು.

ಹೊಳೆ ಕೆಟ್ಟರೆ ಏನಾಗುತ್ತದೆ ಎಂಬುದು ಈ ದಂಡೆಯವರಿಗೆ ಹೊಸದಲ್ಲ. 1980ರ ದಶಕದಲ್ಲಿ ಹರಿಹರದ ಬಳಿಯ ಕಾರ್ಖಾನೆಯ ತ್ಯಾಜ್ಯ ನೀರಿನಿಂದ ಮೀನು ಸತ್ತು ತೇಲಿದಾಗ ನದಿಪಾತ್ರದ ಹಳ್ಳಿಗಳವರೂ ಸಮಾಜ ಪರಿವರ್ತನಾ ಸಮುದಾಯದಂಥ ಸಂಸ್ಥೆಯವರೂ ದನಿ ಎತ್ತಿದ್ದನ್ನು ಹಿರಿಯರು ಬಲ್ಲರು. ಅದು ಎಣ್ಣೆಯ ಮಾತಲ್ಲ. ಆದರೆ ಕಾರ್ಖಾನೆಗೆ ಹೇಳಿದ ನ್ಯಾಯವನ್ನು ನಮ್ಮ ಪಂಪ್ ಮನೆಗೂ ನಾವು ಹೇಳಿಕೊಳ್ಳಬೇಕಲ್ಲವೇ?

ಕಲ್ಲೆಣ್ಣೆಯ ಗುಣ

ನೆಲದಾಳದಿಂದ ಬರುವ ಕಚ್ಚಾ ತೈಲ ಒಂದೇ ವಸ್ತುವಲ್ಲ. ಇಂಗಾಲ, ಜಲಜನಕಗಳು ಬೇರೆಬೇರೆ ರೀತಿಯಲ್ಲಿ ಕೂಡಿ ಆದ ನೂರಾರು ವಸ್ತುಗಳ ಮಿಶ್ರಣ ಅದು. ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ಇಂಗಾಲವೇ. ಶುದ್ಧೀಕರಣ ಶಾಲೆಯಲ್ಲಿ ಕಾಯಿಸಿದಾಗ ಹಗುರವಾದ ಪೆಟ್ರೋಲ್ ಮೊದಲು, ಆಮೇಲೆ ಸೀಮೆಎಣ್ಣೆ, ಡೀಸೆಲ್, ಕೊನೆಗೆ ಭಾರವಾದ ಆಯಿಲ್, ಟಾರು ಹೀಗೆ ಬೇರ್ಪಡುತ್ತವೆ.

ಈ ಭೇದವನ್ನು ಬೆಳೆಗಾರರು ನೆನಪಿಡತಕ್ಕದ್ದು. ಹಗುರ ಭಾಗ ಬೇಗ ಕೊಲ್ಲುತ್ತದೆ, ಬೇಗ ಹೋಗುತ್ತದೆ. ಪೆಟ್ರೋಲ್ ಬಿದ್ದ ಹುಲ್ಲು ಒಂದೆರಡು ದಿನದಲ್ಲೇ ಸುಟ್ಟಂತಾಗುತ್ತದೆ. ಆದರೆ ಅದರ ಬಹುಪಾಲು ಆವಿಯಾಗಿ ಹೋಗುವುದರಿಂದ ನೆಲ ಬೇಗ ಸುಧಾರಿಸುತ್ತದೆ. ಭಾರದ ಭಾಗ ನಿಧಾನವಾಗಿ ಕೊಲ್ಲುತ್ತದೆ, ಮತ್ತು ಹೋಗುವುದೇ ಇಲ್ಲವೆಂಬಷ್ಟು ದಿನ ಉಳಿಯುತ್ತದೆ. ಡೀಸೆಲ್ ಇವೆರಡರ ನಡುವಿನದು: ಒಳಗೆ ಇಳಿಯುವಷ್ಟು ತೆಳು, ಉಳಿಯುವಷ್ಟು ಭಾರ. ಇನ್ನು ಎಂಜಿನ್ನಿನಿಂದ ಬಸಿದು ತೆಗೆದ ಸುಟ್ಟ ಆಯಿಲ್ ಹೊಸ ಆಯಿಲಿಗಿಂತ ಕೆಟ್ಟದ್ದು. ಯಂತ್ರದ ಸವೆತದಿಂದ ಬಂದ ಲೋಹದ ಕಣಗಳೂ ಸುಟ್ಟಾಗ ಹುಟ್ಟಿದ ವಿಷವಸ್ತುಗಳೂ ಅದರಲ್ಲಿ ಸೇರಿರುತ್ತವೆ.

ಮಣ್ಣಿನೊಳಗೆ ನಡೆಯುವುದೇನು?

ಒಳ್ಳೆಯ ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡರೆ ಅದರ ಅರ್ಧದಷ್ಟು ಬರೀ ಖಾಲಿ ಜಾಗ. ಆ ಜಾಗದಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ. ಬೇರು ಉಸಿರಾಡುವುದು ಆ ಗಾಳಿಯಿಂದ. ಎಣ್ಣೆ ಬಿದ್ದಾಗ ಮೂರು ಬಗೆಯ ಕೇಡು ಒಟ್ಟಿಗೆ ನಡೆಯುತ್ತದೆ.

ಮೊದಲನೆಯದು, ಎಣ್ಣೆಯು ಮಣ್ಣಿನ ಕಣಗಳಿಗೆ ಲೇಪವಾಗಿ ಕೂರುತ್ತದೆ. ಅಂಥ ಮಣ್ಣು ನೀರನ್ನು ಹೀರುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳುವಂತೆ ನೆಲದ ಮೇಲೆ ಉರುಳಿ ಬೇರೆಡೆಗೆ ಹರಿದುಹೋಗುತ್ತದೆ. ಕಣ್ಣಿಗೆ ನೀರು ಹಾಯಿಸಿದಂತೆ ಕಂಡರೂ ಬೇರಿಗೆ ಬರಗಾಲ.

ಎರಡನೆಯದು, ಗಾಳಿಯ ಜಾಗವನ್ನು ಎಣ್ಣೆ ಆಕ್ರಮಿಸುತ್ತದೆ. ಉಳಿದಷ್ಟು ಗಾಳಿಯನ್ನು, ಎಣ್ಣೆಯನ್ನು ತಿನ್ನಲು ಹೊರಟ ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ. ಬೇರಿಗೆ ಉಸಿರು ಕಟ್ಟುತ್ತದೆ. ಎರೆಹುಳುಗಳು ಸಾಯುತ್ತವೆ, ಇಲ್ಲವೇ ಜಾಗ ಬಿಟ್ಟು ಹೋಗುತ್ತವೆ.

ಮೂರನೆಯದನ್ನು ಅನೇಕರು ಅರಿಯರು. ಹಸಿ ಮರದ ಹೊಟ್ಟನ್ನೋ ಕಳಿಯದ ತೆಂಗಿನ ನಾರಿನ ಪುಡಿಯನ್ನೋ ಗಿಡದ ಬುಡಕ್ಕೆ ಹಾಕಿದರೆ ಎಲೆ ಹಳದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕಳಿಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ. ಎಣ್ಣೆಯಲ್ಲಿ ಇಂಗಾಲ ಅದಕ್ಕಿಂತಲೂ ಹೆಚ್ಚು. ಸಾರಜನಕ ಇಲ್ಲವೆಂದರೂ ಸರಿ. ಆದ್ದರಿಂದ ಎಣ್ಣೆ ಬಿದ್ದಲ್ಲಿ ಗೊಬ್ಬರದ ಹಸಿವು ಬಹುಕಾಲ ಇರುತ್ತದೆ.

ಮಣ್ಣಿನ ಜಾತಿಯೂ ಇಲ್ಲಿ ಮುಖ್ಯ. ಮಸಾರಿಯಂಥ ಸಡಿಲ ಮಣ್ಣಿನಲ್ಲಿ ಎಣ್ಣೆ ಬೇಗ ಕೆಳಗಿಳಿದು ಬಾವಿಯ ನೀರನ್ನು ಸೇರುವ ಭಯ ಹೆಚ್ಚು. ಎರೆಮಣ್ಣು ಒತ್ತಾಗಿರುವಾಗ ಅದು ಮೇಲುಪದರದಲ್ಲೇ ಅಂಟಿಕೊಂಡು, ಗಾಳಿಯಾಡದೆ, ಬೇಗ ಕಳಿಯದೆ ಉಳಿಯುತ್ತದೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗಲಂತೂ ಆ ಬಿರುಕಿನ ದಾರಿಯಲ್ಲೇ ಆಳಕ್ಕೆ ಇಳಿಯುತ್ತದೆ.

ಗಿಡದಲ್ಲಿ ಕಾಣುವ ಲಕ್ಷಣ

ಬೀಜಕ್ಕೆ ಎಣ್ಣೆ ತಗಲಿದರೆ ಮೊಳಕೆ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಸಿಪ್ಪೆಯ ಮೇಲೆ ಎಣ್ಣೆಯ ಪದರ ನಿಂತು ನೀರು ಒಳಹೋಗದಿರುವುದು ಒಂದು ಕಾರಣ. ಹಗುರ ಎಣ್ಣೆ ಒಳಹೊಕ್ಕು ಭ್ರೂಣವನ್ನೇ ಕೊಲ್ಲುವುದು ಇನ್ನೊಂದು. ಮೊಳೆತ ಸಸಿ ಗಿಡ್ಡಗಾಗಿ, ಬೇರು ದಪ್ಪಗೆ ಮೊಂಡಾಗಿ ಉಳಿಯುತ್ತದೆ. ದೊಡ್ಡ ಗಿಡದಲ್ಲಿ ಮೊದಲು ಹಳೆಯ ಎಲೆ ಹಳದಿಯಾಗುತ್ತದೆ; ಆಮೇಲೆ ಎಲೆಯ ಅಂಚು ಒಣಗುತ್ತದೆ; ಹೊಸ ಎಲೆ ಸಣ್ಣದಾಗುತ್ತದೆ. ನೀರಿದ್ದೂ ಬಾಡುವುದು ಇದರ ಮುಖ್ಯ ಗುರುತು.

ನದಿದಂಡೆಯ ಒಬ್ಬ ಬೆಳೆಗಾರರು ನಮ್ಮೊಡನೆ ಹೀಗೆ ಹೇಳಿದರು: "ನೋಡ್ರಿ, ಎಂಜಿನ್ ಮನಿ ಮಗ್ಗಲಿನ ಸಾಲಿಗೆ ಎಲ್ಲಾಕ್ಕಿಂತ ಮೊದಲ ನೀರು ಮುಟ್ತೈತಿ. ಆದ್ರೂ ಅದೇ ಸಾಲು ಹಿಂದ ಬಿದ್ದೈತ್ರಿ." ನೀರು ಮೊದಲು ಮುಟ್ಟುವ ಸಾಲಿಗೆ ಎಣ್ಣೆಯೂ ಮೊದಲು ಮುಟ್ಟುತ್ತದೆ. ಪಂಪ್ ಮನೆಯ ನೆಲ ತೊಳೆದ ನೀರು ಕಾಲುವೆಗೆ ಇಳಿಯುವಂತೆ ಕಟ್ಟಿದ್ದರೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಅಡಿಕೆ ಮರಕ್ಕೆ ತಾಯಿಬೇರು ಇಲ್ಲ. ಅದರ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಮೂರ್ನಾಲ್ಕು ಅಡಿಯೊಳಗೆ, ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಎಣ್ಣೆ ನಿಲ್ಲುವುದೂ ಅಲ್ಲಿಯೇ. ಅಲ್ಲದೆ ಅಡಿಕೆಗೆ ಕೊಂಬೆಯಿಲ್ಲ, ಇರುವುದು ಒಂದೇ ಸುಳಿ. ಸುಳಿ ಹೋದರೆ ಮರ ಹೋಯಿತು. ಫಲಕ್ಕೆ ಬರಲು ಐದಾರು ವರ್ಷ ಕಾದ ಮರವನ್ನು ಕಳೆದುಕೊಂಡರೆ ಮತ್ತೆ ಅಷ್ಟೇ ವರ್ಷ ಕಾಯಬೇಕು.

ಕಾಫಿಯ ಆಹಾರ ಹೀರುವ ಬೇರುಗಳೂ ಮೇಲುಮಣ್ಣಿನವೇ. ಕಾಫಿ ಎಲೆಯ ಉಸಿರುರಂಧ್ರಗಳು ಇರುವುದು ಎಲೆಯ ಅಡಿಭಾಗದಲ್ಲಿ. ಎಣ್ಣೆ ಅಲ್ಲಿಗೆ ಹರಡಿದರೆ ರಂಧ್ರ ಮುಚ್ಚಿ ಎಲೆ ಉದುರುತ್ತದೆ. ಕೀಟಕ್ಕೆಂದು ಸೀಮೆಎಣ್ಣೆ ಮತ್ತು ಸೋಪು ಕಲಸಿ ಸಿಂಪಡಿಸುವ ಹಳೆಯ ಪದ್ಧತಿಯಲ್ಲಿ ಅಳತೆ ತಪ್ಪಿದರೆ ಎಲೆ ಸುಡುತ್ತಿದ್ದುದಕ್ಕೆ ಕಾರಣ ಇದೇ. ಸಿಂಪರಣೆಗೆಂದು ವಿಶೇಷವಾಗಿ ಶುದ್ಧಿ ಮಾಡಿದ ಖನಿಜ ಎಣ್ಣೆ ಬೇರೆ, ಪಂಪಿಗೆ ಹಾಕುವ ಡೀಸೆಲ್ ಬೇರೆ. ಒಂದರ ಬದಲು ಇನ್ನೊಂದನ್ನು ಬಳಸತಕ್ಕದ್ದಲ್ಲ.

ಗೆದ್ದಲು ಬರಬಾರದೆಂದು ಬುಡಕ್ಕೆ ಸುಟ್ಟ ಆಯಿಲ್ ಹಾಕುವವರೂ ಇದ್ದಾರೆ. ಬೇಲಿಯ ಕಂಬಕ್ಕೆ ಬಳಿಯುವುದು ಒಂದು ಮಾತು. ಜೀವಂತ ಮರದ ಬುಡಕ್ಕೆ ಹಾಕುವುದು ಗೆದ್ದಲಿನ ಸಿಟ್ಟನ್ನು ಮರದ ಮೇಲೆ ತೀರಿಸಿದಂತೆ. ಅಡಿಕೆಗೆ ಹಬ್ಬಿಸಿದ ವೀಳ್ಯದೆಲೆಯನ್ನು ಜನ ಹಸಿಯಾಗಿ ತಿನ್ನುತ್ತಾರೆಂಬುದನ್ನೂ ಇಲ್ಲಿ ನೆನಪಿಸುತ್ತೇವೆ.

ಅಸ್ಸಾಮಿನ ಪಾಠ

ಎಣ್ಣೆಯ ಬಾವಿಗಳ ನಡುವೆಯೇ ತೋಟ ಮಾಡುವ ಬೆಳೆಗಾರರು ನಮ್ಮ ದೇಶದಲ್ಲಿದ್ದಾರೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಲ್ಲಿ ತೈಲ ಶುದ್ಧೀಕರಣ ಶಾಲೆ ಆರಂಭವಾಯಿತು. ಅಲ್ಲಿ ಚಹಾ ತೋಟ, ಭತ್ತದ ಗದ್ದೆ, ಮನೆಯ ಹಿತ್ತಿಲಿನ ಅಡಿಕೆ, ಬಾಳೆ ಎಲ್ಲವೂ ತೈಲಕ್ಷೇತ್ರದ ಮಗ್ಗುಲಲ್ಲೇ ಇವೆ.

ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್ ಎಂಬಲ್ಲಿ ಆಯಿಲ್ ಇಂಡಿಯಾ ಸಂಸ್ಥೆಯ 5ನೆಯ ಸಂಖ್ಯೆಯ ಬಾವಿ 2020ರ ಮೇ 27ರಂದು ಹತೋಟಿ ತಪ್ಪಿ ಸಿಡಿಯಿತು. ನೈಸರ್ಗಿಕ ಅನಿಲದೊಡನೆ ಮೇಲೆದ್ದ ಹಗುರ ಎಣ್ಣೆ ಹನಿಹನಿಯಾಗಿ ಸುತ್ತಲ ಮನೆ, ತೋಟ, ಗದ್ದೆ, ಕೆರೆಗಳ ಮೇಲೆ ಬಿದ್ದಿತು. ಜೂನ್ 9ರಂದು ಬಾವಿಗೆ ಬೆಂಕಿ ಹತ್ತಿತು. ಬೆಂಕಿ ಆರಿಸುವ ಸಿಬ್ಬಂದಿಯಲ್ಲಿ ಇಬ್ಬರು ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಬೇಕಾಯಿತು. ಬಾವಿಯನ್ನು ಪೂರ್ತಿ ಹತೋಟಿಗೆ ತಂದದ್ದು ನವೆಂಬರ್ 15ರಂದು. ಅಂದರೆ ಐದೂವರೆ ತಿಂಗಳಿಗೂ ಮಿಕ್ಕು. ಚಹಾ ಎಲೆಯ ಮೇಲೆ ಎಣ್ಣೆ ಕುಳಿತರೆ ಅದನ್ನು ಕೊಳ್ಳುವವರಿಲ್ಲ. ಒಂದು ಎಕರೆ ಎರಡು ಎಕರೆ ಚಹಾ ನೆಚ್ಚಿಕೊಂಡ ಸಣ್ಣ ಬೆಳೆಗಾರನಿಗೆ ಗಿಡ ಬದುಕಿದರೂ ಆ ವರ್ಷದ ಕೊಯ್ಲು ಸತ್ತಂತೆಯೇ.

ಬಾಘ್‌ಜಾನ್‌ನಂಥ ದುರಂತ ನಮ್ಮಲ್ಲಿ ಆಗುವಂತಿಲ್ಲ, ಏಕೆಂದರೆ ಇಲ್ಲಿ ಎಣ್ಣೆಯ ಬಾವಿಗಳಿಲ್ಲ. ಆದರೆ ಎಣ್ಣೆ ನಮ್ಮ ನಾಡಿನಲ್ಲೂ ಹರಿಯುತ್ತಿದೆ ಎಂಬುದನ್ನು ಮರೆಯುವಂತಿಲ್ಲ.

ತೋಟದ ಅಡಿಯಲ್ಲಿ ಕೊಳವೆ

ಹಡಗಿನಲ್ಲಿ ನವ ಮಂಗಳೂರು ಬಂದರಿಗೆ ಬರುವ ಕಚ್ಚಾ ತೈಲವನ್ನು ಅಲ್ಲಿಯ ಶುದ್ಧೀಕರಣ ಶಾಲೆಯಲ್ಲಿ ಸಂಸ್ಕರಿಸುತ್ತಾರೆ. ತಯಾರಾದ ಡೀಸೆಲ್, ಪೆಟ್ರೋಲ್ ಮುಂತಾದುವನ್ನು ಬೆಂಗಳೂರಿನ ಕಡೆಗೆ ಒಯ್ಯಲು ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ 2003ರಲ್ಲಿ ಕೆಲಸ ಆರಂಭಿಸಿತು. ಸುಮಾರು 362 ಕಿಲೋಮೀಟರ್ ಉದ್ದದ ಈ ಕೊಳವೆ ದಕ್ಷಿಣ ಕನ್ನಡದ ಅಡಿಕೆ ಸೀಮೆಯನ್ನು ಹಾದು, ಘಟ್ಟ ಹತ್ತಿ, ಹಾಸನದ ಕಾಫಿ ಸೀಮೆಯ ಮೂಲಕ ಹೋಗುತ್ತದೆ. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಅದರ ಪಂಪಿಂಗ್ ಕೇಂದ್ರವೂ ಇದೆ. ಇಂಥ ಕೊಳವೆಯನ್ನು ಕೊರೆದು ಡೀಸೆಲ್ ಕದ್ದ ಪ್ರಕರಣಗಳು ದಕ್ಷಿಣ ಕನ್ನಡದಲ್ಲಿ ಬೆಳಕಿಗೆ ಬಂದಿವೆ. ಕಳ್ಳರು ಕೊರೆದ ತೂತು ನೆಟ್ಟಗೆ ಮುಚ್ಚಿರುವುದಿಲ್ಲ; ಅಲ್ಲಿಂದ ಜಿನುಗುವ ಡೀಸೆಲ್ ಯಾರದೋ ತೋಟದ ಪಾಲಾಗುತ್ತದೆ. ಬಯಲುಸೀಮೆಯಲ್ಲೂ ದಾಭೋಳ್–ಬೆಂಗಳೂರು ನೈಸರ್ಗಿಕ ಅನಿಲ ಕೊಳವೆ ಗದಗ, ದಾವಣಗೆರೆ, ಚಿತ್ರದುರ್ಗಗಳ ಕಡೆಯಿಂದ ಹಾದುಹೋಗಿದೆ. ಅದು ಅನಿಲವೇ ಹೊರತು ಎಣ್ಣೆಯಲ್ಲ. ಆದರೂ ಸೋರಿದರೆ ಮಣ್ಣಿನ ಗಾಳಿಯನ್ನು ಹೊರದಬ್ಬುತ್ತದೆ.

ಇಂಥ ಕೊಳವೆಗಳ ಬಗ್ಗೆ 1962ರ ಕಾನೂನೊಂದಿದೆ. ಕೊಳವೆ ಹಾದುಹೋಗುವ ಪಟ್ಟಿಯಲ್ಲಿ ಜಮೀನಿನ ಒಡೆತನ ರೈತನದೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಸರಕಾರಕ್ಕೋ ಕೊಳವೆಯ ಸಂಸ್ಥೆಗೋ ಸೇರುತ್ತದೆ. ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ, ಕಾಫಿ ಬೆಳೆಗಾರನಿಗೆ ಇದು ಸಣ್ಣ ನಷ್ಟವಲ್ಲ. ಇದಕ್ಕೆ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ನೂರಕ್ಕೆ 10ರಷ್ಟು ಪರಿಹಾರವೂ, ಕಾಮಗಾರಿಯಿಂದ ಮರ, ಬೆಳೆ ಮುಂತಾದವಕ್ಕೆ ಆದ ಹಾನಿಗೆ ಪ್ರತ್ಯೇಕ ಪರಿಹಾರವೂ ಸಲ್ಲಬೇಕು. ಸಕ್ಷಮ ಪ್ರಾಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಆದುದರಿಂದ ಕೊಳವೆ ಹಾದ ತೋಟದವರು ಮರಗಳ ಎಣಿಕೆ, ಇಳುವರಿಯ ಲೆಕ್ಕ, ಮಾರಾಟದ ರಸೀದಿ ಇವನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಕಾಗದವಿಲ್ಲದವನ ಮಾತು ಕಚೇರಿಯಲ್ಲಿ ನಿಲ್ಲುವುದಿಲ್ಲ.

ಎಣ್ಣೆಯ ವಾಸನೆ ಬಂದರೆ, ಕೊಳವೆಯ ನೇರದಲ್ಲಿ ಹುಲ್ಲು ಒಂದು ಪಟ್ಟಿಯಾಗಿ ಒಣಗಿದರೆ, ಹಳ್ಳದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ, ಬೀಡಿ ಸಿಗರೇಟು ಹಚ್ಚದೆ, ಅಗೆಯಲು ಹೋಗದೆ ಕೂಡಲೆ ಕೊಳವೆಯ ಗುರುತುಕಲ್ಲಿನಲ್ಲಿ ಬರೆದಿರುವ ದೂರವಾಣಿಗೂ ಪೊಲೀಸು ಠಾಣೆಗೂ ತಿಳಿಸಬೇಕು.

ಹನಿಯ ಲೆಕ್ಕ

ಕೊಳವೆ ಎಲ್ಲರ ತೋಟದಲ್ಲೂ ಇಲ್ಲ. ಎಂಜಿನ್ ಬಹುಮಂದಿಯಲ್ಲಿ ಇದೆ. ಆದ್ದರಿಂದ ಮನೆಯ ಲೆಕ್ಕವನ್ನೇ ನೋಡೋಣ. ಐದು ಸೆಕೆಂಡಿಗೊಂದು ಹನಿ ಡೀಸೆಲ್ ಸೋರುವ ಎಂಜಿನ್ ದಿನಕ್ಕೆ 8 ಗಂಟೆ ಓಡಿದರೆ 5,760 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 288 ಮಿಲಿಲೀಟರ್. ಬೇಸಿಗೆಯ 100 ದಿನಕ್ಕೆ 28 ಲೀಟರಿಗೂ ಮೇಲೆ. ಇದು ಕಿಸೆಯಿಂದ ಹೋದ ದುಡ್ಡು. ಸಾಲದೆಂಬಂತೆ ಅದೇ ದುಡ್ಡಿನಿಂದ ನಮ್ಮ ಮಣ್ಣಿಗೆ ವಿಷ ಕೊಂಡಂತಾಯಿತು.

ನೀರಿನ ಲೆಕ್ಕ ಇನ್ನೂ ಭಯಂಕರ. ಒಂದು ಲೀಟರ್ ಎಣ್ಣೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ತೆಳುವಾಗಿ ಹರಡಿದರೆ 1,000 ಚದರ ಮೀಟರ್ ನೀರನ್ನು, ಅಂದರೆ ಸುಮಾರು 10 ಗುಂಟೆ ವಿಸ್ತಾರವನ್ನು ಮುಚ್ಚುತ್ತದೆ. ತೋಟದ ಕೃಷಿಹೊಂಡಕ್ಕೆ ಎಷ್ಟು ಸಾಕು ಎಂದು ಇದರಿಂದ ಊಹಿಸಬಹುದು.

ಎಣ್ಣೆ ಚೆಲ್ಲಿದಾಗ

ಒಂದು ಡಬ್ಬಿ ಮಗುಚಿತು, ಟಿಲ್ಲರಿನ ಟ್ಯಾಂಕ್ ಒಡೆಯಿತು, ರಸ್ತೆ ಬದಿಯ ತೋಟಕ್ಕೆ ಟ್ಯಾಂಕರ್ ಉರುಳಿತು ಎನ್ನಿ. ಆಗ ಅನುಸರಿಸತಕ್ಕ ಕ್ರಮವನ್ನು ಅನುಕ್ರಮವಾಗಿ ಕೊಡುತ್ತೇವೆ. ಟ್ಯಾಂಕರಿನಂಥ ದೊಡ್ಡ ಅಪಘಾತದಲ್ಲಿ ಹತ್ತಿರ ಹೋಗದೆ ಮೊದಲು ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಉಳಿದದ್ದು ಸಣ್ಣ ಪ್ರಮಾಣದ ಚೆಲ್ಲುವಿಕೆಗೆ.

1. ಬೆಂಕಿಯನ್ನು ದೂರವಿಡಿ. ಸೋರಿಕೆ ನಿಲ್ಲಿಸಿ. ಹತ್ತಿರದ ಕಾಲುವೆಯ ನೀರನ್ನು ಕಟ್ಟಿಹಾಕಿ.

2. ಇಳಿಜಾರಿನ ಕಡೆಗೆ ಮಣ್ಣಿನ ಒಡ್ಡು ಹಾಕಿ ಎಣ್ಣೆ ಹರಡದಂತೆ ತಡೆಯಿರಿ.

3. ನೀರು ಹೊಯ್ದು ತೊಳೆಯಬೇಡಿ. ಸೋಪಿನ ಪುಡಿಯನ್ನಂತೂ ಹಾಕಲೇಬೇಡಿ. ನೀರು ಎಣ್ಣೆಯನ್ನು ದೂರಕ್ಕೆ ಒಯ್ಯುತ್ತದೆ, ಸೋಪು ಆಳಕ್ಕೆ ಒಯ್ಯುತ್ತದೆ.

4. ಒಣಗಿದ ಮರದ ಹೊಟ್ಟು, ಕಾಫಿ ಹೊಟ್ಟು, ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಯಾವುದು ಕೈಗೆ ಸಿಕ್ಕಿದರೆ ಅದನ್ನು ದಪ್ಪಗೆ ಹರಡಿ. ಎಣ್ಣೆ ಹೀರಿದ ಮೇಲೆ ಬಾಚಿ ತೆಗೆದು ಮುಚ್ಚಳವಿರುವ ಪೀಪಾಯಿಗೆ ತುಂಬಿ. ಸ್ಥಳದಲ್ಲೇ ಸುಡಬೇಡಿ.

5. ಎಣ್ಣೆಯಿಂದ ಕಪ್ಪಾದ ಮೇಲುಮಣ್ಣನ್ನು ತೆಗೆಯಿರಿ. ಮರದ ಬುಡದಲ್ಲಿ ಗುದ್ದಲಿ ಬೇಡ. ಬೇರು ಕಡಿಯದಂತೆ ಕೈಯಿಂದ ಕೆರೆದು ತೆಗೆದು ಹೊಸ ಮಣ್ಣು ತುಂಬಿ. ತೆಗೆದ ಮಣ್ಣನ್ನು ಬಾವಿ, ಹಳ್ಳಗಳಿಂದ ದೂರದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಮಳೆ ತಾಗದಂತೆ ಮಾಡು ಹಾಕಿ.

ಮಣ್ಣನ್ನು ಮತ್ತೆ ಬದುಕಿಸುವ ಬಗೆ

ಹೀಗೆ ತೆಗೆದ ಮಣ್ಣು ಕೆಲಸಕ್ಕೆ ಬಾರದ್ದೆಂದು ತಿಳಿಯಬೇಕಾಗಿಲ್ಲ. ಎಣ್ಣೆಯನ್ನೇ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಎಲ್ಲ ಮಣ್ಣಿನಲ್ಲೂ ಅಷ್ಟಿಷ್ಟು ಇರುತ್ತವೆ. ಭಾರತ ಮೂಲದ ವಿಜ್ಞಾನಿ ಆನಂದ ಚಕ್ರವರ್ತಿಯವರು ಅಮೆರಿಕದಲ್ಲಿ ಕಚ್ಚಾ ತೈಲವನ್ನು ಕರಗಿಸಬಲ್ಲ ಒಂದು ಬ್ಯಾಕ್ಟೀರಿಯಾ ರೂಪಿಸಿ, ಅದಕ್ಕೆ ಪೇಟೆಂಟ್ ಕೊಡಬಹುದೆಂಬ ತೀರ್ಪನ್ನು 1980ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಿಂದ ಪಡೆದರು. ನಮ್ಮ ದೇಶದ ಟೆರಿ ಸಂಸ್ಥೆ ಹಲವು ಬಗೆಯ ಇಂಥ ಬ್ಯಾಕ್ಟೀರಿಯಾಗಳನ್ನು ಕೂಡಿಸಿ, ಮೆಕ್ಕೆಜೋಳದ ಬೆಂಡಿನ ಪುಡಿಯಲ್ಲಿ ಬೆರೆಸಿ, 'ಆಯಿಲ್‌ಜ್ಯಾಪರ್' ಎಂಬ ಹೆಸರಿನಲ್ಲಿ ತಯಾರಿಸಿದೆ. ತೈಲಕ್ಷೇತ್ರಗಳಲ್ಲಿ ಎಣ್ಣೆ ಬಿದ್ದ ನೆಲವನ್ನು ಸುಧಾರಿಸಲು ಅದನ್ನು ಬಳಸಿದ್ದಾರೆ.

ಸಣ್ಣ ಬೆಳೆಗಾರ ತನ್ನ ಮಣ್ಣಿನ ಜೀವಿಗಳಿಗೇ ಅನುಕೂಲ ಮಾಡಿಕೊಟ್ಟರೆ ಸಾಕು. ಅವಕ್ಕೆ ಬೇಕಾದುದು ಗಾಳಿ, ಹದವಾದ ತೇವ, ಸಾರಜನಕ, ರಂಜಕ. 100 ಪಾಲು ಇಂಗಾಲಕ್ಕೆ ಸುಮಾರು 10 ಪಾಲು ಸಾರಜನಕ, 1 ಪಾಲು ರಂಜಕ ಎಂಬುದು ವಾಡಿಕೆಯ ಅಳತೆ. ಆ ಲೆಕ್ಕದಲ್ಲಿ ಮಣ್ಣಿಗೆ ಸೇರಿದ ಪ್ರತಿ ಕಿಲೋಗ್ರಾಂ ಎಣ್ಣೆಗೆ ಸುಮಾರು 185 ಗ್ರಾಂ ಯೂರಿಯಾ, 120 ಗ್ರಾಂ ಸೂಪರ್ ಫಾಸ್ಫೇಟ್ ಆಗುತ್ತದೆ. ಇದನ್ನು ಒಮ್ಮೆಗೇ ಹಾಕದೆ, ಮೂರು ನಾಲ್ಕು ಕಂತಿನಲ್ಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕೊಡಬೇಕು. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು; ಅಷ್ಟು ತೇವ ಸಾಕು. ಎರಡು ಮೂರು ವಾರಕ್ಕೊಮ್ಮೆ ಮಣ್ಣನ್ನು ತಿರುವಿಹಾಕಬೇಕು. ಮಲೆನಾಡಿನ ಹುಳಿಮಣ್ಣಿಗೆ ಸ್ವಲ್ಪ ಸುಣ್ಣವೂ ಬೇಕಾಗುತ್ತದೆ. ಡೀಸೆಲ್ ಆದರೆ ಕೆಲವು ತಿಂಗಳಲ್ಲಿ ಬದಲಾವಣೆ ಕಾಣುತ್ತದೆ. ಭಾರದ ಆಯಿಲ್ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಸುಟ್ಟ ಆಯಿಲಿನ ಲೋಹವನ್ನು ಮಾತ್ರ ಯಾವ ಜೀವಿಯೂ ತಿಂದು ಮುಗಿಸಲಾರದು. ಅಂಥ ಮಣ್ಣನ್ನು ತಿನ್ನುವ ಬೆಳೆಗೆ ಬಳಸದಿರುವುದೇ ಮೇಲು.

ತೆಗೆಯಲಾಗದ ನೆಲದಲ್ಲಿ ಲಾವಂಚದಂಥ ದಟ್ಟ ಬೇರಿನ ಹುಲ್ಲನ್ನು ನೆಡಬಹುದು. ಅದರ ಬೇರಿನ ಸುತ್ತ ಜೀವಿಗಳು ಹೆಚ್ಚುತ್ತವೆ, ಗಾಳಿಯೂ ಆಡುತ್ತದೆ. ಸೆಣಬು, ಅಲಸಂದೆಯಂಥ ದ್ವಿದಳ ಬೆಳೆಗಳು ಸಾರಜನಕವನ್ನು ಗಾಳಿಯಿಂದಲೇ ಪಡೆಯುವುದರಿಂದ ಅಂಥ ನೆಲದಲ್ಲಿ ಒಂದಿಷ್ಟು ತಾಳಿಕೊಳ್ಳುತ್ತವೆ; ಅವನ್ನು ದನಕ್ಕೆ ಹಾಕದೆ ಅಲ್ಲಿಯೇ ಮಣ್ಣಿಗೆ ಸೇರಿಸಬೇಕು.

ನೆಲ ಸುಧಾರಿಸಿತೇ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎರಡು ಬುಟ್ಟಿ ತೆಗೆದುಕೊಳ್ಳಿ. ಒಂದಕ್ಕೆ ಎಣ್ಣೆ ಬಿದ್ದ ಮಣ್ಣು, ಇನ್ನೊಂದಕ್ಕೆ ಅದೇ ತೋಟದ ಒಳ್ಳೆಯ ಮಣ್ಣು ತುಂಬಿ. ಎರಡರಲ್ಲೂ 50-50 ಜೋಳದ ಕಾಳು ಹಾಕಿ, ಒಂದೇ ಅಳತೆಯ ನೀರು ಕೊಡಿ. ಹತ್ತು ದಿನಕ್ಕೆ ಮೊಳಕೆ ಎಣಿಸಿ, ಮೂರು ವಾರಕ್ಕೆ ಸಸಿಯ ಎತ್ತರವನ್ನೂ ಬೇರನ್ನೂ ಹೋಲಿಸಿ. ಎರಡೂ ಸರಿಸಮವಾಗುವವರೆಗೆ ಅಲ್ಲಿ ಅಡಿಕೆ ಸಸಿ, ಕಾಫಿ ಗಿಡ ನೆಡಬೇಡಿ.

ಗೋಣಿ ಚೀಲದ ಮಾತು

ಗಿಡ ದಾಟಿ ಬೆಳೆಗೂ ಎಣ್ಣೆ ತಗಲುವುದುಂಟು. ಕಾಫಿ ಬೀಜ ಸುತ್ತಲ ವಾಸನೆಯನ್ನು ಬಲುಬೇಗ ಹೀರಿಕೊಳ್ಳುತ್ತದೆ. ಡೀಸೆಲ್ ಡಬ್ಬಿ ಇಟ್ಟ ಕೋಣೆಯಲ್ಲಿ ಚೀಲ ಪೇರಿಸಿದರೆ, ಪಲ್ಪರ್ ಎಂಜಿನ್ನಿನ ಎಣ್ಣೆ ಕಣಕ್ಕೆ ಹರಿದರೆ, ಕುಡಿದು ನೋಡುವ ಪರಿಣತನ ನಾಲಗೆಗೆ ಅದು ಸಿಕ್ಕಿಬೀಳುತ್ತದೆ. ಹಿಂದೆ ಸೆಣಬಿನ ನಾರನ್ನು ಮೆದು ಮಾಡಲು ಖನಿಜ ಎಣ್ಣೆ ಬಳಸುತ್ತಿದ್ದರು. ಆ ಚೀಲದಿಂದ ಕಾಫಿಗೂ ಎಣ್ಣೆ ದಾಟುತ್ತದೆಂದು ತಿಳಿದ ಮೇಲೆ 1998ರಲ್ಲಿ ಅಂತರರಾಷ್ಟ್ರೀಯ ಸೆಣಬು ಸಂಸ್ಥೆ ಆಹಾರದ ಚೀಲಗಳಿಗೆ ಒಂದು ಮಾನದಂಡ ಗೊತ್ತುಮಾಡಿತು. ಅದರಂತೆ ಸಸ್ಯಜನ್ಯ ಎಣ್ಣೆಯಿಂದ ತಯಾರಾದ ಚೀಲವನ್ನೇ ಕಾಫಿಗೆ ಬಳಸಬೇಕು. ಗೊಬ್ಬರದ, ಎಣ್ಣೆ ತಾಗಿದ ಹಳೆಯ ಚೀಲಕ್ಕೆ ಕಾಫಿಯನ್ನೂ ಅಡಿಕೆಯನ್ನೂ ತುಂಬುವ ಅಭ್ಯಾಸವನ್ನು ನಮ್ಮ ಸದಸ್ಯರು ಬಿಡಲೇಬೇಕು.

ಮಾಡಬಹುದಾದ ನಾಲ್ಕು ಕೆಲಸ

ಮೊದಲನೆಯದಾಗಿ, ಪಂಪ್ ಮನೆಯ ಎಂಜಿನ್ನಿನ ಅಡಿಗೆ ಅಂಚಿರುವ ಒಂದು ತಗಡಿನ ತಟ್ಟೆ ಇಡಿ. ಸಿಮೆಂಟಿನ ನೆಲವಾದರೆ ಸುತ್ತ ಎರಡಂಗುಲದ ಕಟ್ಟೆ ಕಟ್ಟಿಸಿ. ಎರಡನೆಯದಾಗಿ, ಡೀಸೆಲ್ ಹಾಕಲು ಲಾಳಿಕೆ ಬಳಸಿ. ಕಳೆ ಕೊಚ್ಚುವ ಯಂತ್ರಕ್ಕೂ ಸಿಂಪರಣೆ ಯಂತ್ರಕ್ಕೂ ಪೆಟ್ರೋಲ್ ತುಂಬುವುದನ್ನು ತೋಟದೊಳಗೆ ಮಾಡದೆ ಒಂದೇ ಗೊತ್ತಾದ ಜಾಗದಲ್ಲಿ ಮಾಡಿ. ಮೂರನೆಯದಾಗಿ, ಎಣ್ಣೆಯ ಡಬ್ಬಿಯಲ್ಲಿ ಬೋರ್ಡೋ ದ್ರಾವಣವನ್ನಾಗಲಿ ಕುಡಿಯುವ ನೀರನ್ನಾಗಲಿ ಎಂದೂ ತುಂಬಬೇಡಿ. ನಾಲ್ಕನೆಯದಾಗಿ, ಸುಟ್ಟ ಆಯಿಲನ್ನು ಸುರಿಯದೆ ಶೇಖರಿಸಿಡಿ.

ಈ ನಾಲ್ಕನೆಯದರಲ್ಲಿ ಸಂಘದ ಪಾತ್ರವೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅನುಮತಿ ಪಡೆದ ಮರುಬಳಕೆದಾರರಿಗೇ ಹೋಗಬೇಕು. ಹೊಳೆಗೂ ಬಾವಿಗೂ ಮಲಿನ ವಸ್ತು ಸೇರಿಸುವುದನ್ನು 1974ರ ಜಲಮಾಲಿನ್ಯ ಕಾನೂನು ನಿಷೇಧಿಸಿದೆ. ಎರಡು ಎಕರೆಯ ಬೆಳೆಗಾರನ ವರ್ಷದ ಐದಾರು ಲೀಟರ್ ಆಯಿಲಿಗಾಗಿ ಯಾವ ಮರುಬಳಕೆದಾರನೂ ಹಳ್ಳಿಗೆ ಬರುವುದಿಲ್ಲ. ನೂರು ಜನರ ಆಯಿಲ್ ಒಂದು ಕಡೆ ಸೇರಿದರೆ ಬರುತ್ತಾನೆ, ಬೆಲೆಯನ್ನೂ ಕೊಡುತ್ತಾನೆ. ಸಂಘದ ಪ್ರತಿ ಗೋದಾಮಿನಲ್ಲಿ, ಬೆಳೆಯ ದಾಸ್ತಾನಿನಿಂದ ದೂರದಲ್ಲಿ, ಇದಕ್ಕಾಗಿ ಮುಚ್ಚಳವಿರುವ ಒಂದು ಪೀಪಾಯಿ ಇಡುವ ವಿಚಾರವನ್ನು ಸದಸ್ಯರು ಮುಂದಿನ ಮಹಾಸಭೆಯಲ್ಲಿ ಎತ್ತಬೇಕೆಂದು ನಾವು ಕೋರುತ್ತೇವೆ.

ಅಡಿಕೆ ಮರ ನೆಟ್ಟವನು ಮಗನಿಗಾಗಿ ನೆಡುತ್ತಾನೆ. ಆ ಮಗನ ಕೈಗೆ ಮರದೊಡನೆ ಮಣ್ಣೂ ಹೋಗುತ್ತದೆ. ಇಂದು ಸಂಜೆ ಪಂಪ್ ನಿಲ್ಲಿಸಲು ಹೋದಾಗ ಎಂಜಿನ್ನಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ನೆಲ ಕಪ್ಪಾಗಿದ್ದರೆ ನಾಳೆಯೇ ವಾಷರ್ ಬದಲಾಯಿಸಿ. ಅದಕ್ಕೆ ತಗಲುವ ಖರ್ಚು ಒಂದು ಗೊನೆಯ ಬೆಲೆಗೂ ಕಡಿಮೆ.